ಸಿಂಥೆಟಿಕ್ ಆಯಿಲ್ ಹಾಕಿಸ್ಬೇಕಾ? ಡಬ್ಬಿಯ ಮುಂಭಾಗ ಬಿಡಿ, ಹಿಂಭಾಗ ಓದಿ

"ಸಿಂಥೆಟಿಕ್ ಹಾಕ್ಲಾ, ಮಾಮೂಲಿ ಹಾಕ್ಲಾ ಸಾರ್?" ಬಾನೆಟ್ ಎತ್ತಿ ಮೆಕ್ಯಾನಿಕ್ ಕೇಳೋ ಈ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಎರಡೇ. ಕೈಯಲ್ಲಿ ದುಡ್ಡಿದ್ದಾಗ "ಒಳ್ಳೇದು ಯಾವ್ದೋ ಅದು ಹಾಕಿ", ಇಲ್ಲದಾಗ "ಸದ್ಯಕ್ಕೆ ಮಾಮೂಲಿ ಸಾಕು". ಎರಡರಲ್ಲೂ ತೀರ್ಮಾನ ಮಾಡಿದ್ದು ಜೇಬು, ಎಂಜಿನ್ ಅಲ್ಲ. ಇದರಿಂದ ಒಂದು ಮನೆಯ ಹಳೆ ಓಮ್ನಿಗೆ ಬೇಡದ ಖರ್ಚು ಬೀಳುತ್ತೆ, ಪಕ್ಕದ ಮನೆಯ ಹೊಸ ಡೀಸೆಲ್ ಗಾಡಿಗೆ ಬೇಕಾದ ಖರ್ಚು ಉಳಿಸಿ ಸಾವಿರಗಟ್ಟಲೆ ದಂಡ ಬೀಳುತ್ತೆ.

ಆಯನೂರಿನಂಥ ಊರನ್ನೇ ತಗೊಳ್ಳಿ. ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ, ರಿಪ್ಪನ್‌ಪೇಟೆ ಕಡೆಗೆ ರಸ್ತೆ ಕವಲೊಡೆಯುವ ಊರು. ಮನೆಗೊಂದು ಗಾಡಿ ಅಂದ್ರೆ ಅದು ಬರೀ ಕಾರಲ್ಲ. ಬೆಳಗ್ಗೆ ಮಕ್ಕಳನ್ನ ಶಾಲೆಗೆ ಬಿಡಬೇಕು, ಮಧ್ಯಾಹ್ನ ತೋಟಕ್ಕೆ ಗೊಬ್ಬರದ ಚೀಲ ಒಯ್ಯಬೇಕು, ರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡಿಸಬೇಕು. ಆ ಗಾಡಿಯ ಎಂಜಿನ್ ಸೀಜ್ ಆದ್ರೆ ಮನೆಯ ಅರ್ಧ ಕೆಲಸ ನಿಲ್ಲುತ್ತೆ.

'ಸಿಂಥೆಟಿಕ್' ಅನ್ನೋದು ಮಾರುಕಟ್ಟೆಯ ಪದ

ಎಂಜಿನ್ ಆಯಿಲ್ ಅಂದ್ರೆ ಮುಕ್ಕಾಲು ಪಾಲು ಮೂಲ ಎಣ್ಣೆ, ಉಳಿದದ್ದು ಸೇರಿಸಿದ ರಾಸಾಯನಿಕಗಳು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದ್ರೆ ಎಪಿಐ, ಈ ಮೂಲ ಎಣ್ಣೆಯನ್ನ ಐದು ಗುಂಪು ಮಾಡಿದೆ. 1 ಮತ್ತು 2 ಕಚ್ಚಾತೈಲದಿಂದ ಸೋಸಿ ತೆಗೆದದ್ದು, ನಾವು 'ಮಿನರಲ್' ಅನ್ನೋದು ಇದಕ್ಕೇ. 3ನೆಯದೂ ಕಚ್ಚಾತೈಲದ್ದೇ, ಆದ್ರೆ ಹೈಡ್ರೋಜನ್ ಜೊತೆ ಭಾರೀ ಒತ್ತಡದಲ್ಲಿ ಅಣುಗಳನ್ನೇ ಮುರಿದು ಜೋಡಿಸಿದ್ದು. 4ನೆಯದು ಪಿಎಒ, ರಾಸಾಯನಿಕ ಕಾರ್ಖಾನೆಯಲ್ಲಿ ಕಟ್ಟಿದ ಎಣ್ಣೆ. ಇದ್ಯಾವುದಕ್ಕೂ ಸೇರದ್ದು 5.

ಹಿಂದೆ ಸಿಂಥೆಟಿಕ್ ಅಂದ್ರೆ 4 ಮತ್ತು 5 ಮಾತ್ರ ಅನ್ನೋ ತಿಳಿವಳಿಕೆ ಇತ್ತು. 1990ರ ದಶಕದ ಕೊನೆಯಲ್ಲಿ ಕ್ಯಾಸ್ಟ್ರಾಲ್ ಕಂಪನಿ 3ನೇ ಗುಂಪಿನ ಎಣ್ಣೆಗೂ ಅದೇ ಹೆಸರಿಟ್ಟು ಮಾರಿತು. ಪಿಎಒ ಬಳಸುತ್ತಿದ್ದ ಮೊಬಿಲ್ ದೂರು ಕೊಟ್ಟಿತು. ಅಮೆರಿಕದಲ್ಲಿ ಜಾಹೀರಾತು ತಕರಾರುಗಳನ್ನ ನೋಡುವ ಉದ್ಯಮದ್ದೇ ಒಂದು ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಅಭಿಪ್ರಾಯ ಕೊಟ್ಟಿತು. ಅಲ್ಲಿಂದಾಚೆ ಅಂಗಡಿಗಳಲ್ಲಿ 'ಫುಲ್ಲಿ ಸಿಂಥೆಟಿಕ್' ಅಂತ ಸಿಗೋ ಡಬ್ಬಿಗಳಲ್ಲಿ ಬಹುಪಾಲು 3ನೇ ಗುಂಪಿನವೇ. 'ಸೆಮಿ ಸಿಂಥೆಟಿಕ್' ಅಂತೂ ಇನ್ನೂ ಸಡಿಲ. ಅದರಲ್ಲಿ ಸಿಂಥೆಟಿಕ್ ಪಾಲು ಎಷ್ಟು ಅಂತ ಡಬ್ಬಿ ಹೇಳೋದಿಲ್ಲ.

ಹಾಗಂತ 3ನೇ ಗುಂಪು ಕೆಟ್ಟದ್ದೇನಲ್ಲ. ಮಿನರಲ್‌ಗಿಂತ ಬಿಸಿ ಜಾಸ್ತಿ ತಡೆಯುತ್ತೆ, ನಿಧಾನವಾಗಿ ಹಳತಾಗುತ್ತೆ, ಕೆಸರು ಕಟ್ಟೋದು ಕಮ್ಮಿ. ಆದ್ರೆ ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳನ್ನ ನಂಬಿ ದುಡ್ಡು ಕೊಡೋ ಹಾಗಿಲ್ಲ. ನೋಡಬೇಕಾದ್ದು ಹಿಂಭಾಗದ ಎರಡು ಸಾಲು.

ಆ ಎರಡು ಸಾಲು

ಮೊದಲನೇದು ಗ್ರೇಡ್: 5ಡಬ್ಲ್ಯು-30, 20ಡಬ್ಲ್ಯು-40 ಅಂತೆಲ್ಲ ಇರುತ್ತಲ್ಲ, ಅದು. ಡಬ್ಲ್ಯು ಅಂದ್ರೆ ವಿಂಟರ್, ಚಳಿಗಾಲ. ಅದರ ಮುಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸು ಅನ್ನೋದರ ಗುರುತು. ಕೊನೆಯ ಅಂಕಿ ಬಿಸಿ ಎಂಜಿನ್‌ನಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅನ್ನೋದರದ್ದು. ಈಗ ಈ ಲೆಕ್ಕ ನೋಡಿ: 0ಡಬ್ಲ್ಯು ಎಣ್ಣೆ ಸ್ಟಾರ್ಟಿಂಗ್ ಪರೀಕ್ಷೆ ಪಾಸಾಗಬೇಕಾದ್ದು ಮೈನಸ್ 35 ಡಿಗ್ರಿಯಲ್ಲಿ. 5ಡಬ್ಲ್ಯುಗೆ ಮೈನಸ್ 30, 15ಡಬ್ಲ್ಯುಗೆ ಮೈನಸ್ 20, 20ಡಬ್ಲ್ಯುಗೆ ಮೈನಸ್ 15. ಆಯನೂರಿನಲ್ಲಿ ಸಂಕ್ರಾಂತಿ ಬೆಳಗಿನ ಎಂಥಾ ಚಳಿಯಲ್ಲೂ ನೀರು ಹೆಪ್ಪುಗಟ್ಟಿದ್ದು ಯಾರೂ ನೋಡಿಲ್ಲ. ಹಾಗಾಗಿ ಚಳಿಯಲ್ಲಿ ಸಲೀಸಾಗಿ ಸ್ಟಾರ್ಟ್ ಆಗುತ್ತೆ ಅನ್ನೋ ಒಂದೇ ಕಾರಣಕ್ಕೆ ನಮ್ಮೂರಲ್ಲಿ ಹಳೆ ಗಾಡಿಗೆ ಸಿಂಥೆಟಿಕ್ ಮಾರೋದು ಬೆಂಗಳೂರಲ್ಲಿ ಹಿಮದ ಬೂಟು ಮಾರಿದ ಹಾಗೆ. ತೆಳು ಎಣ್ಣೆ ಬೆಳಗ್ಗೆ ಸ್ವಲ್ಪ ಬೇಗ ಮೇಲೇರುತ್ತೆ ಅನ್ನೋದು ನಿಜ, ಅಷ್ಟೇ.

ಎರಡನೇ ಸಾಲು ಗುಣಮಟ್ಟದ ಸಂಕೇತ. ಪೆಟ್ರೋಲ್ ಎಂಜಿನ್‌ಗೆ ಎಪಿಐ 'ಎಸ್' ಸರಣಿ: ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಸದನ್ನ ಹಳೆಯದರ ಜಾಗಕ್ಕೆ ಹಾಕಬಹುದು, ಹಳೆಯದನ್ನ ಹೊಸದರ ಜಾಗಕ್ಕೆ ಹಾಕಬಾರದು. ಎಸ್‌ಎಫ್ ಅಂತ ಬರೆದ ಅಗ್ಗದ ಡಬ್ಬಿ ಕಂಡ್ರೆ ಅಲ್ಲೇ ಇಟ್ಟುಬಿಡಿ. 1988ರ ನಂತರದ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಅದು ಆಗೋದಿಲ್ಲ ಅಂತ ಎಪಿಐ ತಾನೇ ಹೇಳಿದೆ. ಡೀಸೆಲ್‌ಗೆ 'ಸಿ' ಸರಣಿ: ಸಿಐ-4, ಸಿಕೆ-4 ಇತ್ಯಾದಿ.

ಈ ಎರಡೂ ನಿಮ್ಮ ಗಾಡಿಗೆ ಏನಿರಬೇಕು ಅನ್ನೋದು ಗ್ಲೌವ್ ಬಾಕ್ಸ್‌ನಲ್ಲಿ ಇನ್ಶೂರೆನ್ಸ್ ಕಾಗದದ ಕೆಳಗೆ ಬಿದ್ದಿರೋ ಮ್ಯಾನುಯಲ್‌ನಲ್ಲಿದೆ. ಕಳೆದುಹೋಗಿದ್ರೆ ಕಂಪನಿ ವೆಬ್‌ಸೈಟ್‌ನಲ್ಲಿ ಹುಡುಕಿ.

ಹಾಗಾದ್ರೆ ಯಾವ ಗಾಡಿಗೆ ಯಾವುದು?

ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು, ಆದ್ರೆ ಮಲೆನಾಡಲ್ಲಿ ಅದು ನಿಂತಿಲ್ಲ. ಇಂಥ ಹಳೆ ಎಂಜಿನ್‌ಗೆ ಒಳ್ಳೆ ಕಂಪನಿಯ ಮಿನರಲ್ ಎಣ್ಣೆ, ಮ್ಯಾನುಯಲ್ ಹೇಳಿದ ಗ್ರೇಡಿನದ್ದು, ಹೊತ್ತಿಗೆ ಸರಿಯಾಗಿ ಬದಲಿಸಿದ್ರೆ ಧಾರಾಳ ಸಾಕು. ಲೆಕ್ಕಕ್ಕೆ ಮಿನರಲ್ ಲೀಟರಿಗೆ 350 ರೂಪಾಯಿ, ಸಿಂಥೆಟಿಕ್ 700 ಅಂತ ಇಟ್ಕೊಳ್ಳಿ. ಮೂರು ಲೀಟರಿಗೆ 1,050 ಎಲ್ಲಿ, 2,100 ಎಲ್ಲಿ! ಹೆಚ್ಚು ಕಿಲೋಮೀಟರ್ ಓಡಿಸಬಹುದಲ್ಲ, ಖರ್ಚು ಸರಿಹೋಗುತ್ತೆ ಅಂತಾರೆ. ಮ್ಯಾನುಯಲ್ 5,000ಕ್ಕೆ ಬದಲಿಸಿ ಅಂದಿದ್ರೆ ಡಬ್ಬಿಯಲ್ಲಿ ಏನೇ ಬರೆದಿರಲಿ 5,000ಕ್ಕೇ ಬದಲಿಸಬೇಕು. ಆಗ ನೀವು ಕೊಟ್ಟಿದ್ದು ಬರೀ ಡಬಲ್ ದುಡ್ಡು. ಮೇಲಾಗಿ ಸವೆದ ಎಂಜಿನ್‌ಗೆ ತೆಳು ಎಣ್ಣೆ ಹಾಕಿದ್ರೆ ಸೋರೋದು, ಸುಡೋದು ಜಾಸ್ತಿಯಾಗಬಹುದು. ಆ 1,050 ರೂಪಾಯಿ ಉಳಿಸಿ ಬ್ರೇಕ್ ನೋಡಿಸಿ ಅನ್ನೋದು ನನ್ನ ಸಲಹೆ.

ಹೊಸ ಪೆಟ್ರೋಲ್ ಗಾಡಿಗಳಲ್ಲಿ ಆಯ್ಕೆಯೇ ಇಲ್ಲ. ಮೈಲೇಜಿಗಾಗಿ ಎಂಜಿನ್‌ಗಳನ್ನೇ ತೆಳು ಎಣ್ಣೆಗೆ ತಕ್ಕಂತೆ ಮಾಡಿದ್ದಾರೆ. ಹಲವದರಲ್ಲಿ 0ಡಬ್ಲ್ಯು-20, ಕೆಲವದರಲ್ಲಿ 0ಡಬ್ಲ್ಯು-16. ಇಷ್ಟು ತೆಳು ಗ್ರೇಡನ್ನ ಮಾಮೂಲಿ ಮಿನರಲ್‌ನಿಂದ ಮಾಡೋಕಾಗೋದಿಲ್ಲ. "ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಹಾಕಿದ್ರೆ ಒಳ್ಳೇದು" ಅಂತ 20ಡಬ್ಲ್ಯು-50 ಸುರಿದ್ರೆ ಸಣ್ಣ ಸಣ್ಣ ಎಣ್ಣೆ ದಾರಿಗಳಿಗೆ ಹೊತ್ತಿಗೆ ಸರಿಯಾಗಿ ಎಣ್ಣೆ ತಲುಪೋದಿಲ್ಲ. ಟರ್ಬೊ ಇದ್ರಂತೂ ಈ ವಿಷಯದಲ್ಲಿ ರಾಜಿ ಬೇಡವೇ ಬೇಡ.

ಹೆಚ್ಚು ದಂಡ ಬೀಳೋದು ಬಿಎಸ್-6 ಡೀಸೆಲ್‌ಗೆ. 2020ರ ಏಪ್ರಿಲ್ 1ರಿಂದ ಬಂದ ಈ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಸಾಮಾನ್ಯವಾಗಿ ಡಿಪಿಎಫ್ ಅನ್ನೋ ಮಸಿ ಜಾಲರಿ ಇರುತ್ತೆ. ಎಂಜಿನ್ ಆಯಿಲ್ ಸುಟ್ಟಾಗ ಉಳಿಯೋ ಬೂದಿ ಅದರಲ್ಲಿ ಸೇರಿ ಶಾಶ್ವತವಾಗಿ ಕೂರುತ್ತೆ. ಅದಕ್ಕೇ ಬೂದಿ ಕಮ್ಮಿ ಇರೋ ಎಣ್ಣೆಯನ್ನೇ, ಉದಾಹರಣೆಗೆ ಎಸಿಇಎ ಸಿ3 ಅಥವಾ ಎಪಿಐ ಸಿಕೆ-4, ಹಾಕಿ ಅಂತ ಮ್ಯಾನುಯಲ್ ಹೇಳೋದು. ಟ್ರಾಕ್ಟರಿಗೆ ತಂದ ದೊಡ್ಡ ಬಕೆಟ್ಟಿನ 15ಡಬ್ಲ್ಯು-40ಯನ್ನ ಮನೆಯ ಹಳೆ ಜೀಪಿಗೂ ಹಾಕೋದು ಹಳ್ಳಿಗಳಲ್ಲಿ ಹೊಸದೇನಲ್ಲ, ಹಳೆ ಜೀಪಿಗೆ ಅದು ನಡೆಯಲೂಬಹುದು. ಅದೇ ಬಕೆಟ್ಟಿನಿಂದ ಹೊಸ ಗಾಡಿಗೂ ಸುರಿದ್ರೆ ಡಿಪಿಎಫ್ ಕಟ್ಟಿಕೊಳ್ಳುತ್ತೆ. ಅದನ್ನ ಬದಲಿಸೋ ಖರ್ಚಲ್ಲಿ ಎಷ್ಟೋ ವರ್ಷದ ಸಿಂಥೆಟಿಕ್ ಬರುತ್ತೆ.

ನಿಜವಾದ ಆಯ್ಕೆ ಇರೋದು ಈ ಮೂರರ ನಡುವೆ ಬರೋ ಗಾಡಿಗಳಿಗೆ, ಅಂದ್ರೆ ಮ್ಯಾನುಯಲ್ ಒಂದಕ್ಕಿಂತ ಹೆಚ್ಚು ಗ್ರೇಡ್ ಒಪ್ಪುವ ಹತ್ತು ಹದಿನೈದು ವರ್ಷ ಹಳೆಯ ಕಾರುಗಳಿಗೆ. ಪದೇ ಪದೇ ಘಾಟಿ ಹತ್ತಿಸೋರು, ದಿನಾ ಭದ್ರಾವತಿ, ದಾವಣಗೆರೆ ಅಂತ ದೂರ ಓಡಿಸೋರು ಸಿಂಥೆಟಿಕ್ ಹಾಕಿಸಿದ್ರೆ ಅರ್ಥವಿದೆ. ವಾರಕ್ಕೆರಡು ಸಲ ಸಂತೆಗೆ ಹೋಗೋ ಗಾಡಿಗೆ ಮಿನರಲ್ ಸಾಕು. ಒಮ್ಮೆ ಸಿಂಥೆಟಿಕ್ ಹಾಕಿದ್ರೆ ವಾಪಸ್ ಬರೋಕಾಗಲ್ಲ ಅನ್ನೋದು ಬರೀ ಸುಳ್ಳು. ಎರಡೂ ಬೆರೆಯುತ್ತವೆ, ಯಾವಾಗ ಬೇಕಾದ್ರೂ ಬದಲಿಸಬಹುದು.

ಹಾಗೆಯೇ ಕಾರಿನದ್ದು ಉಳೀತು ಅಂತ ಬೈಕಿಗೆ ಸುರಿಯಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಮುಳುಗಿರೋದು ಎಂಜಿನ್ ಆಯಿಲ್‌ನಲ್ಲೇ. ಕಾರಿನ ಎಣ್ಣೆಯ ಜಾರುವ ರಾಸಾಯನಿಕದಿಂದ ಕ್ಲಚ್ ಸ್ಲಿಪ್ ಆಗುತ್ತೆ. ಬೈಕಿನ ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು.

ಮಲೆನಾಡಿಗೆ ಮ್ಯಾನುಯಲ್‌ನ ಇನ್ನೊಂದು ಪುಟ

"10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅನ್ನೋ ಸಾಲು ಎಲ್ಲರಿಗೂ ಗೊತ್ತು. ಅದರ ಹಿಂದೆ ಮುಂದೆ ಕಠಿಣ ಪರಿಸ್ಥಿತಿ ಅಂತ ಇನ್ನೊಂದು ಪಟ್ಟಿ ಇರುತ್ತೆ: ಧೂಳಿನ ರಸ್ತೆ, ಗುಡ್ಡಗಾಡು, ಭಾರ ಹೊರೋದು, ಎಂಜಿನ್ ಪೂರ್ತಿ ಬಿಸಿಯಾಗೋ ಮೊದಲೇ ನಿಲ್ಲಿಸೋ ಪುಟ್ಟ ಓಡಾಟ. ಇವಕ್ಕೆ ಇನ್ನೂ ಬೇಗ ಬದಲಿಸಿ ಅಂತಾರೆ. ಓದಿದ್ರೆ ಆಯನೂರನ್ನೇ ನೋಡಿ ಬರೆದ ಹಾಗಿರುತ್ತೆ.

ಈ ಪುಟ್ಟ ಓಡಾಟದ್ದೇ ದೊಡ್ಡ ತಾಪತ್ರಯ. ಮಳೆಗಾಲದಲ್ಲಿ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿದ್ರೆ ಎಂಜಿನ್ ಒಳಗಿನ ತೇವ ಆವಿಯಾಗೋದಿಲ್ಲ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಥರ ಬಿಳಿ ಪದರ ಕಾಣುತ್ತೆ. ವಾರಕ್ಕೊಮ್ಮೆ ಅರ್ಧ ಗಂಟೆ ದೂರ ಓಡಿಸಿದ್ರೆ ಹೋಗುತ್ತೆ. ಹೋಗದೆ ಕೂಲೆಂಟೂ ಇಳೀತಾ ಇದ್ರೆ ಹೆಡ್ ಗ್ಯಾಸ್ಕೆಟ್ ತೋರಿಸಿ. ಡಿಪಿಎಫ್ ಗಾಡಿಯಲ್ಲಿ ಇನ್ನೊಂದು ಕಷ್ಟ: ಮಸಿ ಸುಡೋಕೆ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತೆ, ಓಡಾಟ ಅರ್ಧಕ್ಕೆ ನಿಂತ್ರೆ ಅದರಲ್ಲಿ ಒಂದಿಷ್ಟು ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯೋ ಬದಲು ಏರಿದ್ರೆ ಖುಷಿಪಡಬೇಡಿ. ಅಂದ ಹಾಗೆ, ಕಪ್ಪಾದ ಆಯಿಲ್ ಎಲ್ಲಾ ಕೆಟ್ಟದ್ದಲ್ಲ, ಕೊಳೆ ಹೊರೋದು ಅದರ ಕೆಲಸ. ಡೀಸೆಲ್‌ನಲ್ಲಿ ಕೆಲವೇ ದಿನಕ್ಕೆ ಕಪ್ಪಾಗುತ್ತೆ.

ನಕಲಿ ಡಬ್ಬಿ, ವಾರಂಟಿ ಬೆದರಿಕೆ

ಒಳಗಿರೋದು ನಕಲಿಯಾದ್ರೆ ಇಷ್ಟೂ ಲೆಕ್ಕ ವ್ಯರ್ಥ. ಎಂಆರ್‌ಪಿ, ತಯಾರಾದ ತಿಂಗಳು, ಗ್ರಾಹಕ ಸೇವೆಯ ವಿವರ ಡಬ್ಬಿ ಮೇಲೆ ಇರಲೇಬೇಕು ಅನ್ನೋದು 2011ರ ಪೊಟ್ಟಣ ಸಾಮಗ್ರಿ ನಿಯಮ. ಸೀಲ್ ನಿಮ್ಮ ಎದುರೇ ಒಡೆಸಿ. ಖಾಲಿ ಡಬ್ಬಿ ಕೇಳಿ ತಗೊಂಡು ತೂತು ಮಾಡಿ, ಯಾಕಂದ್ರೆ ಗುಜರಿಗೆ ಹೋದ ಒಳ್ಳೆ ಡಬ್ಬಿಯೇ ನಕಲಿ ಎಣ್ಣೆ ತುಂಬೋರ ಬಂಡವಾಳ. ಬಿಲ್ಲಿನಲ್ಲಿ 'ಆಯಿಲ್' ಅಂತಷ್ಟೇ ಬರೆದ್ರೆ ಒಪ್ಪಬೇಡಿ, ಬ್ರ್ಯಾಂಡ್, ಗ್ರೇಡ್, ಲೀಟರ್ ಮೂರೂ ಬರೆಸಿ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯಿಂದ ಹೊರಗಿದ್ರೂ ಎಂಜಿನ್ ಆಯಿಲ್ ಒಳಗಿದೆ, ಅದರ ಮೇಲೆ ನೀವು ಶೇ. 18 ಕಟ್ಟುತ್ತಿದ್ದೀರಿ. ಬಿಲ್ ಕೇಳೋಕೆ ಸಂಕೋಚ ಯಾಕೆ? ಮೋಸ ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

"ಹೊರಗೆ ಸರ್ವೀಸ್ ಮಾಡಿಸಿದ್ರೆ ವಾರಂಟಿ ಹೋಯ್ತು" ಅನ್ನೋ ಮಾತಿಗೂ ಒಂದು ಇತಿಹಾಸ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿಗೂ ಹೆಚ್ಚು ದಂಡ ಹಾಕಿ, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನೋ ಸಾರಾಸಗಟು ಷರತ್ತು ಹಾಕಬಾರದು ಅಂದಿತ್ತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಪೋರ್ಟಲ್ ಶುರುಮಾಡಿತು, ಅದರಲ್ಲಿ ವಾಹನಗಳೂ ಸೇರಿವೆ. ಆದ್ರೂ ವಾರಂಟಿ ಇರೋವರೆಗೆ ಮ್ಯಾನುಯಲ್ ಹೇಳಿದ ಎಣ್ಣೆಯನ್ನೇ ಹಾಕಿಸಿ ಬಿಲ್ ಇಟ್ಕೊಳ್ಳಿ. ನಾಳೆ ವಾದ ಮಾಡೋಕೆ ಕೈಯಲ್ಲಿ ಕಾಗದ ಇರಬೇಕು.

ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತೆ?

ಮಿನರಲ್ಲೋ ಸಿಂಥೆಟಿಕ್ಕೋ, ಎಂಜಿನ್‌ನಿಂದ ಇಳಿಸಿದ ಮೇಲೆ ಎರಡೂ ವಿಷ. ನಮ್ಮ ಕಡೆ ಹಳೆ ಆಯಿಲ್ ಅಂದ್ರೆ ಗೆದ್ದಲಿಗೆ ಮದ್ದು, ಬೇಲಿ ಕಂಬಕ್ಕೆ ಬಣ್ಣ, ಉಳಿದದ್ದು ಚರಂಡಿಗೆ. ಅದರಲ್ಲಿ ಲೋಹದ ಪುಡಿ ಇದೆ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿವೆ. ಒಂದು ಸಲ ಬದಲಿಸಿದಾಗ ಬರೋ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಅನ್ನೋದು ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿಯ ಲೆಕ್ಕ. ಅದಕ್ಕಿಂತ ಮೊದಲು ಅದು ಮುಟ್ಟೋದು ಗ್ಯಾರೇಜಿನ ಹುಡುಗರ ಕೈಯನ್ನ. ಇಡೀ ದಿನ ಬರಿಗೈಯಲ್ಲಿ ಅದೇ ಎಣ್ಣೆಯಲ್ಲಿ ಮುಳುಗಿರುವ ಅವರಿಗೆ ಒಂದು ಜೊತೆ ಗ್ಲೌಸ್ ಕೊಡದ ಮಾಲೀಕ ನಿಮ್ಮ ಗಾಡಿಗೆ ಎಷ್ಟು ಚೆನ್ನಾಗಿ ಸರ್ವೀಸ್ ಮಾಡಿದ್ರೇನು?

ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ ಅಂತ 2016ರ ಕೇಂದ್ರ ನಿಯಮದಲ್ಲೇ ಇದೆ. 2023ರ ತಿದ್ದುಪಡಿ ಪ್ರಕಾರ 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸೋರು, ಆಮದು ಮಾಡೋರು ಇದರ ಮರುಬಳಕೆಯ ಹೊಣೆ ಹೊರಬೇಕು. ಹೊಣೆ ಕಂಪನಿಯದ್ದು, ಆದ್ರೆ ಹಳ್ಳಿ ಗ್ಯಾರೇಜಿನಿಂದ ಆ ಎಣ್ಣೆಯನ್ನ ಎತ್ತೋರು ಯಾರು? ಮುಂದಿನ ಸಲ ಸರ್ವೀಸಿಗೆ ಬಿಟ್ಟಾಗ, ಇಳಿಸಿದ ಎಣ್ಣೆಯನ್ನ ಯಾರಿಗೆ ಕೊಡ್ತೀರಿ ಅಂತ ಮೆಕ್ಯಾನಿಕ್‌ನ ಕೇಳಿ. ಬ್ಯಾರಲ್ ತೋರಿಸಿದ್ರೆ ಸಂತೋಷ. ಚರಂಡಿ ಕಡೆ ಕೈ ತೋರಿಸಿದ್ರೆ, ಮುಂದಿನ ಗ್ರಾಮಸಭೆಯಲ್ಲಿ ಊರಿನ ಗ್ಯಾರೇಜುಗಳಿಗೆಲ್ಲ ಸೇರಿ ಒಂದು ಬ್ಯಾರಲ್, ನೋಂದಾಯಿತ ಮರುಸಂಸ್ಕರಣೆಯವರಿಂದ ತಿಂಗಳಿಗೊಂದು ಗಾಡಿ ಬೇಕು ಅಂತ ಅರ್ಜಿ ಕೊಡಿ.