ಸುರುಳಿ ಕೇಕಿನೊಳಗಿನ ಸಕ್ಕರೆ

ಮಂಡ್ಯದ ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಅಣೆಕಟ್ಟೆ, ನಾಲೆ ಮತ್ತು ಸಕ್ಕರೆ ಕಾರ್ಖಾನೆ. ಆ ಸಕ್ಕರೆ ಮನೆಯ ಹೊಸ್ತಿಲು ದಾಟಿದ ಮೇಲೆ ಏನಾಯಿತೆಂದು ನಾವು ಕೇಳುವುದು ಕಡಿಮೆ. ತೆಳ್ಳಗೆ ಬೇಯಿಸಿ, ಜಾಮ್ ಸವರಿ, ಚಾಪೆಯಂತೆ ಸುತ್ತುವ ಸುರುಳಿ ಕೇಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳಬಹುದು.

ಬೇಕರಿಗಳಲ್ಲಿ ಇದರ ಹೆಸರು ಸ್ವಿಸ್ ರೋಲ್. ಆದರೆ ಇದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತೆನ್ನಲು ಗಟ್ಟಿಯಾದ ಆಧಾರವಿಲ್ಲ. 1852ರಲ್ಲೇ ಅಮೆರಿಕದ ಕೃಷಿ ಪತ್ರಿಕೆಯೊಂದು ಇಂಥ ಕೇಕಿನ ವಿಧಾನವನ್ನು ಅಚ್ಚು ಹಾಕಿತ್ತು. ಸ್ವಿಸ್ ಎಂಬ ಹೆಸರು 1870ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಸಕ್ಕರೆಯ ಪಯಣ ಇದಕ್ಕಿಂತ ಉದ್ದ. ಸಂಸ್ಕೃತದ ಶರ್ಕರಾ ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಯುರೋಪಿಗೆ ಹೋಗಿ ಶುಗರ್ ಆಯಿತು. ನಮ್ಮ ಮನೆಗಳ ಉರ್ದುವಿನ ಶಕ್ಕರ್, ಬೀದಿಯ ಕನ್ನಡದ ಸಕ್ಕರೆ ಒಂದೇ ಬೇರಿನವು.

ಈ ಸಕ್ಕರೆಯನ್ನು ಮಂಡ್ಯದ ಮನೆಮಾತಾಗಿಸಿದ್ದು ಕಾವೇರಿಯ ನೀರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆ ಎನಿಸಿದ ಇರ್ವಿನ್ ನಾಲೆ ಒಣಭೂಮಿಗೆ ನೀರು ತಂದಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ದುಡಿಮೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೆಲವು ವರ್ಷ ನಿಂತೇ ಹೋಗಿದ್ದ ಆ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು.

ಸಕ್ಕರೆ ಬಂತು, ಬೆಂಕಿ? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಯಿತು. ಅದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸುತ್ತಲ ಹಳ್ಳಿಗಳ ಅಡುಗೆಮನೆಗಳು ಮಾತ್ರ ದಶಕಗಟ್ಟಲೆ ಸೌದೆಯನ್ನೇ ನಂಬಿದ್ದವು.

ಓವನ್ ಇಲ್ಲದ ಮನೆಯ ಹೆಂಗಸರಿಗೆ ದಾರಿ ತೋರಿಸಿದ್ದು ಬಿರಿಯಾನಿಯ ದಮ್. ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಅದರ ಮೇಲೆ ತಟ್ಟೆಯಿಟ್ಟು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ನಾನ್‌ಖಟಾಯಿಯ ತಟ್ಟೆಗಳನ್ನು ಈದ್‌ಗೆ ಮುಂಚೆ ಬೇಕರಿಯ ಭಟ್ಟಿಗೆ ಕಳಿಸಿ ಬೇಯಿಸಿಕೊಳ್ಳುವ ರೂಢಿ ಅನೇಕ ಊರುಗಳಲ್ಲಿತ್ತು. ಆದರೆ ಸುರುಳಿ ಕೇಕನ್ನು ಹಾಗೆ ಕಳಿಸಿದರೆ ನಡೆಯದು. ಕಲಸಿದ ಹಿಟ್ಟು ಕಾಯುತ್ತ ಕೂತರೆ ಅದರೊಳಗಿನ ಗಾಳಿ ಇಳಿದುಹೋಗುತ್ತದೆ.

ಇದರ ಗುಟ್ಟೆಲ್ಲ ಮೊಟ್ಟೆಯಲ್ಲಿದೆ. ನಾಲ್ಕು ಮೊಟ್ಟೆಗೆ ನೂರು ಗ್ರಾಂ ಸಕ್ಕರೆ ಸೇರಿಸಿ, ನೊರೆ ದಪ್ಪನಾಗಿ ಬಣ್ಣ ತಿಳಿಯಾಗುವವರೆಗೆ ಕಡೆಯಬೇಕು. ಜರಡಿ ಹಿಡಿದ ನೂರು ಗ್ರಾಂ ಮೈದಾವನ್ನು ಹಗುರವಾಗಿ ಬೆರೆಸಬೇಕು. ಬೆಣ್ಣೆ ಬೇಡ. ಕಾಗದ ಹಾಸಿದ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಓವನ್‌ನಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಕೆಂಡದಲ್ಲಾದರೆ ಕಣ್ಣೇ ಗಡಿಯಾರ. ಹೆಚ್ಚು ಬೆಂದರೆ ತೇವ ಆರಿ ಸುತ್ತುವಾಗ ಬಿರಿಯುತ್ತದೆ. ಬಿಸಿಯಾಗಿರುವಾಗಲೇ ಸಕ್ಕರೆ ಉದುರಿಸಿದ ಬಟ್ಟೆಯ ಮೇಲೆ ಬೋರಲು ಹಾಕಿ, ಕಾಗದ ಬಿಡಿಸಿ, ಬಟ್ಟೆಯೊಂದಿಗೇ ಸುತ್ತಿಡಬೇಕು. ಆರಿದ ಮೇಲೆ ಬಿಚ್ಚಿ, ಜಾಮ್ ಸವರಿ, ಮತ್ತೆ ಸುತ್ತಿದರೆ ಕೇಕು ತನ್ನ ಮಡಿಕೆಯನ್ನು ಮರೆಯುವುದಿಲ್ಲ.

ಮದ್ದೂರು ವಡೆಗೆ ಚರಿತ್ರೆಯಿದೆ. 1917ರಲ್ಲಿ ರೈಲ್ವೆ ನಿಲ್ದಾಣದಲ್ಲಿ ಅದನ್ನು ಮಾರತೊಡಗಿದ ರಾಮಚಂದ್ರ ಬುಧ್ಯರ ಹೆಸರನ್ನು ಜನ ಇಂದಿಗೂ ಹೇಳುತ್ತಾರೆ, ಅದು ನ್ಯಾಯವೇ. ಆದರೆ ನಿಲ್ದಾಣದಲ್ಲಿ ಬಿಕರಿಯಾದದ್ದಕ್ಕೆ ಇರುವ ಇಸವಿ, ಮನೆಯಲ್ಲಿ ಬೆಂದದ್ದಕ್ಕೆ ಇಲ್ಲ. ಕಾರ್ಖಾನೆಯ ಲೆಕ್ಕ ಕಡತದಲ್ಲಿದೆ, ಕೆಂಡದ ಲೆಕ್ಕ ಹಿರಿಯ ಹೆಂಗಸರ ತಲೆಯಲ್ಲಿ ಮಾತ್ರ. ಅವರ ಕಾಲ ಮುಗಿದರೆ ಆ ಅರಿವೂ ಮುಗಿಯಿತು.

ತಿನಿಸುಗಳಿಗೂ ಜಾತಿ ಧರ್ಮಗಳ ಚೀಟಿ ಅಂಟಿಸುವ ಈ ದಿನಗಳಲ್ಲಿ ಅಂಥ ಅರಿವು ನಮಗೆ ಬೇಕು. ಊರು ತಪ್ಪಿದ ಹೆಸರು, ನಾಲ್ಕು ಭಾಷೆ ಸುತ್ತಿದ ಸಕ್ಕರೆ, ಬಿರಿಯಾನಿಯಿಂದ ಕಲಿತ ಬೆಂಕಿ, ಇಷ್ಟೂ ಒಂದೇ ತಟ್ಟೆಯಲ್ಲಿವೆ. ನಮ್ಮ ನಾನಿ ದಾದಿಯರ, ಅಜ್ಜಿಯರ ಬಳಿ ಕೂತು ಕೇಳೋಣ, ಬರೆದಿಡೋಣ. ಮಂಡ್ಯದ ಚರಿತ್ರೆಯ ಉಳಿದ ಪುಟಗಳು ಅಲ್ಲಿವೆ.