ತೃಪ್ತಿಯ ಪ್ರಶ್ನಾವಳಿಗೆ ಕಾಣದ ಸುರಕ್ಷತೆ: ಭಾರತೀಯ ರೈಲ್ವೆಯ ಸೇವಾ ಗುಣಮಟ್ಟ ಕುರಿತ ಒಂದು ಮರುಪರಿಶೀಲನೆ

2023ರ ಫೆಬ್ರವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಿಂದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಹೊರಡಲು ಸಿಗ್ನಲ್ ಸಿಕ್ಕಿತು. ಸಿಗ್ನಲ್ ತೋರಿಸಿದ ದಾರಿ ಒಂದು, ಹಳಿ ಬದಲಿಸುವ ಪಾಯಿಂಟ್ ತಿರುಗಿ ನಿಂತಿದ್ದ ದಾರಿ ಇನ್ನೊಂದು. ಲೋಕೊ ಪೈಲಟ್ ಅದನ್ನು ಗಮನಿಸಿ ಗಾಡಿ ನಿಲ್ಲಿಸಿದರು. ಯಾರಿಗೂ ಒಂದು ಗೀರು ಗಾಯವೂ ಆಗಲಿಲ್ಲ. ಆದರೆ ಏನಾಗಬಹುದಿತ್ತು ಎಂಬುದು ನೈಋತ್ಯ ರೈಲ್ವೆಯ ಸಂಚಾರ ವಿಭಾಗದ ಹಿರಿಯ ಅಧಿಕಾರಿಯೊಬ್ಬರಿಗೆ ತಕ್ಷಣ ಹೊಳೆಯಿತು. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಸಿಬ್ಬಂದಿ ಹಳಿ ಬದಿಯ ಪೆಟ್ಟಿಗೆ ತೆರೆದು ವೈರಿಂಗ್ ಮುಟ್ಟಿದರೆ, ಸಿಗ್ನಲ್ಲನ್ನೂ ಪಾಯಿಂಟನ್ನೂ ಒಂದಕ್ಕೊಂದು ಬಿಗಿಯುವ ಇಂಟರ್‌ಲಾಕಿಂಗಿನ ಉದ್ದೇಶವೇ ಮಣ್ಣುಪಾಲಾಗುತ್ತದೆ ಎಂದು ಅವರು ಮರುದಿನವೇ ಪತ್ರ ಬರೆದು ಎಚ್ಚರಿಸಿದರು.

ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 2ರ ಸಂಜೆ, ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಆದದ್ದೂ ಇದೇ ಬಗೆಯ ತಪ್ಪು. ಮೇನ್ ಲೈನಿಗೆ ಹಸಿರು ಸಿಗ್ನಲ್ ಪಡೆದ ಕೋರಮಂಡಲ ಎಕ್ಸ್‌ಪ್ರೆಸ್ ಗಂಟೆಗೆ ಸುಮಾರು 128 ಕಿ.ಮೀ. ವೇಗದಲ್ಲಿ ಲೂಪ್ ಲೈನಿಗೆ ಹೊರಳಿ, ಅಲ್ಲಿ ನಿಂತಿದ್ದ ಕಬ್ಬಿಣದ ಅದಿರಿನ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಕೋರಮಂಡಲದ ಬೋಗಿಗಳು ಪಕ್ಕದ ಹಳಿಯ ಮೇಲೆ ಉರುಳಿದ ಹೊತ್ತಿಗೆ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಸೂಪರ್‌ಫಾಸ್ಟ್ ಗಾಡಿ ಹಾದುಹೋಗುತ್ತಿತ್ತು. ಅದರ ಹಿಂಭಾಗಕ್ಕೂ ಪೆಟ್ಟು ಬಿತ್ತು. ಸತ್ತವರು 290ಕ್ಕೂ ಹೆಚ್ಚು. ಲೆವೆಲ್ ಕ್ರಾಸಿಂಗ್ ಗೇಟಿನ ತಡೆಗಂಬ ಬದಲಿಸುವ ಕೆಲಸದ ವೇಳೆಯೂ, ಅದಕ್ಕೂ ಮುಂಚೆ 2018ರಲ್ಲಿ ಮಾಡಿದ್ದ ಬದಲಾವಣೆಯ ವೇಳೆಯೂ ಸಿಗ್ನಲ್ ಸರ್ಕಿಟ್ಟಿನ ವೈರಿಂಗ್ ತಪ್ಪಾಗಿತ್ತೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಬಹನಾಗಾ ಸೇರಿರುವ ಖರಗ್‌ಪುರ ವಿಭಾಗದ್ದೇ ಆದ ಬಾಂಕ್ರಾ ನಯಾಬಾಜ್‌ನಲ್ಲಿ 2022ರ ಮೇ ತಿಂಗಳಲ್ಲಿ ಇಂಥದ್ದೇ ವೈರಿಂಗ್ ದೋಷ ಬಯಲಾಗಿದ್ದರೂ ಪಾಠ ಕಲಿಯಲಿಲ್ಲ ಎಂಬುದನ್ನೂ ಅದು ದಾಖಲಿಸಿತು.

ಅಪಘಾತಕ್ಕೆ ಒಂದು ಗಂಟೆ ಮೊದಲು ಕೋರಮಂಡಲದ ಪ್ರಯಾಣಿಕರ ಕೈಗೆ ಸೇವಾ ಗುಣಮಟ್ಟದ ಪ್ರಶ್ನಾವಳಿ ಕೊಟ್ಟಿದ್ದರೆ ಏನಾಗುತ್ತಿತ್ತು? ಶೌಚಾಲಯ, ಊಟ, ಹಾಸಿಗೆ, ಟಿ.ಸಿ.ಯ ವರ್ತನೆ, ಇವಕ್ಕೆಲ್ಲ ಅಂಕ ಬೀಳುತ್ತಿತ್ತು. ಸುರಕ್ಷತೆಗೂ ಒಳ್ಳೆಯ ಅಂಕವೇ ಬೀಳುತ್ತಿತ್ತೇನೋ. ಗೇಟಿನ ಬಳಿಯ ಪೆಟ್ಟಿಗೆಯೊಳಗಿನ ತಂತಿಯ ಸುದ್ದಿ ಪ್ರಯಾಣಿಕನಿಗೆ ಮುಟ್ಟುವ ದಾರಿಯೇ ಇಲ್ಲ. ರೈಲ್ವೆಯ ಸೇವೆಯನ್ನು ಪ್ರಯಾಣಿಕರ ತೃಪ್ತಿಯಿಂದ ಅಳೆಯುವ ಅಧ್ಯಯನಗಳ ಮೂಲ ಕೊರತೆ ಇರುವುದು ಇಲ್ಲಿ. ಈ ಲೇಖನದ ವಾದವೂ ಇಷ್ಟೇ: ಸುರಕ್ಷತೆಯನ್ನು ತೃಪ್ತಿಯ ಒಂದು ಅಂಶವೆಂದು ಎಣಿಸುವುದನ್ನು ಬಿಟ್ಟು, ವ್ಯವಸ್ಥೆ ತನ್ನ ಎಚ್ಚರಿಕೆಗಳನ್ನು ಹೇಗೆ ನಡೆಸಿಕೊಂಡಿತು ಎಂಬುದರಿಂದ ಅದನ್ನು ಅಳೆಯಬೇಕು.

ಸೇವಾ ಗುಣಮಟ್ಟದ ಅಧ್ಯಯನಗಳಲ್ಲಿ ಹೆಚ್ಚಿನವು ಸರ್ವ್‌ಕ್ವಾಲ್ ಎಂಬ ಮಾದರಿಯಿಂದ ಹುಟ್ಟಿದವು. ಪರಶುರಾಮನ್, ಝೈತಾಮಲ್ ಮತ್ತು ಬೆರಿ 1988ರಲ್ಲಿ ರೂಪಿಸಿದ ಈ ಮಾದರಿಯಲ್ಲಿ 22 ಅಂಶಗಳಿವೆ. ಗ್ರಾಹಕ ನಿರೀಕ್ಷಿಸಿದ್ದೇನು, ಪಡೆದದ್ದೇನು ಎಂಬ ಅಂತರವೇ ಅದರ ಅಳತೆಗೋಲು. ಭೌತಿಕ ಸೌಕರ್ಯ, ನಂಬಿಕಸ್ಥತೆ, ಸ್ಪಂದನೆ, ಭರವಸೆ, ಅನುಭೂತಿ ಎಂಬ ಐದು ಆಯಾಮಗಳಲ್ಲಿ ಅದು ಸೇವೆಯನ್ನು ನೋಡುತ್ತದೆ. ದಕ್ಷಿಣ ಮಧ್ಯ ರೈಲ್ವೆಯ ಪ್ರಯಾಣಿಕರನ್ನು ಆಧರಿಸಿ ಇದನ್ನು ರೈಲಿಗೆ ಹೊಂದಿಸಿದ ರೈಲ್‌ಕ್ವಾಲ್ ಎಂಬ ಮಾದರಿಯೂ ಬಂದಿದೆ. ಬ್ಯಾಂಕು, ಹೋಟೆಲುಗಳಿಗೆ ಈ ಅಳತೆಗೋಲು ಒಪ್ಪುತ್ತದೆ. ರೈಲಿನ ಮಟ್ಟಿಗೆ ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಮಂಡಿಸಿದ ಚಿಂತನೆ ಹೆಚ್ಚು ಉಪಯುಕ್ತ. ಕೆಲವು ಗುಣಗಳು ಇದ್ದರೆ ಯಾರೂ ಮೆಚ್ಚುವುದಿಲ್ಲ, ಇಲ್ಲದಿದ್ದರೆ ಯಾರೂ ಕ್ಷಮಿಸುವುದಿಲ್ಲ ಎಂದು ಕಾನೊ ತೋರಿಸಿದರು. ಸುರಕ್ಷತೆ ಅಂಥದ್ದು. ಊರು ಸುರಕ್ಷಿತವಾಗಿ ತಲುಪಿದ್ದಕ್ಕೆ ಪ್ರಯಾಣಿಕ ಹೆಚ್ಚಿನ ಅಂಕ ಕೊಡುವುದಿಲ್ಲ. ಅದು ಟಿಕೆಟ್ಟಿನಲ್ಲೇ ಸೇರಿದೆ ಎಂದು ನಂಬಿರುತ್ತಾನೆ.

ಹಾಗೆಂದು ಸೌಕರ್ಯ ಬೇರೆ, ಸುರಕ್ಷತೆ ಬೇರೆ ಎಂದು ಗೆರೆ ಎಳೆಯಲೂ ಆಗದು. ಶೌಚಾಲಯವನ್ನೇ ನೋಡಬಹುದು. ದಶಕಗಳ ಕಾಲ ನಮ್ಮ ರೈಲಿನ ಮಲಮೂತ್ರ ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಅದರಿಂದ ಹಳಿಗೂ ಅದನ್ನು ಬಿಗಿದಿಟ್ಟ ಕ್ಲಿಪ್ಪುಗಳಿಗೂ ತುಕ್ಕು ಹಿಡಿಯುತ್ತಿತ್ತು. ಹಳಿ ಕಾಯುವ ಟ್ರ್ಯಾಕ್‌ಮನ್‌ಗಳು ಆ ಹೊಲಸಿನಲ್ಲೇ ಕೈಯಿಟ್ಟು ಕೆಲಸ ಮಾಡಬೇಕಿತ್ತು. ಅನಿಲ್ ಕಾಕೋಡ್ಕರ್ ನೇತೃತ್ವದ ಉನ್ನತ ಮಟ್ಟದ ಸುರಕ್ಷತಾ ಪರಿಶೀಲನಾ ಸಮಿತಿ 2012ರಲ್ಲಿ ಹಳಿಗೆ ಹೊಲಸು ಬೀಳದ ಶೌಚಾಲಯಗಳನ್ನು ಸುರಕ್ಷತೆಯ ಕ್ರಮವಾಗಿಯೇ ಶಿಫಾರಸು ಮಾಡಿತು. ಡಿಆರ್‌ಡಿಒ ನೆರವಿನಿಂದ 2011ರಲ್ಲಿ ಬುಂದೇಲ್‌ಖಂಡ ಎಕ್ಸ್‌ಪ್ರೆಸ್ಸಿನಲ್ಲಿ ಶುರುವಾದ ಜೈವಿಕ ಶೌಚಾಲಯಗಳು ಈಗ ಪ್ರಯಾಣಿಕರ ಬೋಗಿಗಳಲ್ಲೆಲ್ಲ ಬಂದಿವೆ. ಇದು ದೊಡ್ಡ ಸಾಧನೆ. ಆದರೂ 2017ರ ಮಹಾಲೇಖಪಾಲರ ವರದಿ ಕಟ್ಟಿಕೊಂಡ, ನಾರುವ ಶೌಚಾಲಯಗಳ ಸಾವಿರಾರು ಪ್ರಕರಣಗಳನ್ನು ಪಟ್ಟಿ ಮಾಡಿತು. ಕಟ್ಟಿಕೊಳ್ಳುವ ತೊಂದರೆ ಅತಿ ಹೆಚ್ಚು ಕಂಡದ್ದು ಬೆಂಗಳೂರಿನ ಕೋಚಿಂಗ್ ಡಿಪೊದಲ್ಲಿ. ಬಾಟಲಿ, ಗುಟ್ಕಾ ಚೀಟಿ ಒಳಗೆ ಹಾಕುವ ಪ್ರಯಾಣಿಕನದೂ ಇದರಲ್ಲಿ ಪಾಲಿದೆ, ನಿರ್ವಹಣೆಯದೂ ಇದೆ.

ಸಮಯಪಾಲನೆಯ ಲೆಕ್ಕದಲ್ಲೂ ಇಂಥ ಮರೆಗಳಿವೆ. ಗಾಡಿ ಹೊತ್ತಿಗೆ ಸರಿಯಾಗಿ ಬಂತೇ ಎಂದು ರೈಲ್ವೆ ನೋಡುವುದು ಕೊನೆಯ ನಿಲ್ದಾಣದಲ್ಲಿ. ನಡುವಿನ ಊರುಗಳಲ್ಲಿ ಕಾದವರ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ. ಗಾಡಿ ಎಷ್ಟು ನಿಧಾನ ಎಂಬುದನ್ನೂ ಈ ಲೆಕ್ಕ ಹೇಳುವುದಿಲ್ಲ: ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಸರಾಸರಿ ವೇಗ 2019-20ರಲ್ಲೂ ಗಂಟೆಗೆ 51 ಕಿ.ಮೀ. ಒಳಗೇ ಇತ್ತು.

ಯಾರ ತೃಪ್ತಿಯನ್ನು ಅಳೆಯುತ್ತಿದ್ದೇವೆ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಭಾರತೀಯ ರೈಲ್ವೆಯಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಪ್ರಯಾಣಗಳು ನಡೆಯುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಬೈಯಂಥ ನಗರಗಳ ಲೋಕಲ್ ಗಾಡಿಗಳಲ್ಲಿ. ಉಳಿದುದರಲ್ಲೂ ದೊಡ್ಡ ಪಾಲು ರಿಸರ್ವೇಶನ್ ಇಲ್ಲದವರದು. ಬಾಗಿಲಲ್ಲಿ ಜೋತುಬಿದ್ದವನ ಕೈಯಲ್ಲಿ 22 ಪ್ರಶ್ನೆಗಳ ಹಾಳೆ ಇರುವುದಿಲ್ಲ. ಬೆಂಗಳೂರು–ಹೌರಾ ಗಾಡಿಯ ಬಾಲದಲ್ಲಿ ಜಜ್ಜಿಹೋದದ್ದೂ ಜನರಲ್ ಬೋಗಿಯೇ. ಅಲ್ಲಿದ್ದವರ ಹೆಸರು ಯಾವ ಚಾರ್ಟಿನಲ್ಲೂ ಇರಲಿಲ್ಲ. ಆನ್‌ಲೈನ್ ಟಿಕೆಟ್ಟಿನ ಜೊತೆ ಕೆಲವೇ ಪೈಸೆಗೆ ಸಿಗುವ 10 ಲಕ್ಷ ರೂಪಾಯಿಯ ಐಚ್ಛಿಕ ವಿಮೆ ಸೀಟು ಖಚಿತವಾದವರಿಗೆ ಮತ್ತು ಆರ್‌ಎಸಿ ಪ್ರಯಾಣಿಕರಿಗೆ ಮಾತ್ರ. ಕೌಂಟರಿನಲ್ಲಿ ಜನರಲ್ ಟಿಕೆಟ್ ಕೊಂಡವರಿಗೆ ಅದು ಇಲ್ಲ. ಅಪಘಾತದ ಸಾಧ್ಯತೆ ಎಲ್ಲರಿಗೂ ಒಂದೇ ಆಗಿರುವಾಗ ರಕ್ಷಣೆಯಲ್ಲಿ ಈ ಭೇದ ಸಲ್ಲದು.

ಕಾನೂನು ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. 1989ರ ರೈಲ್ವೆ ಕಾಯ್ದೆಯಂತೆ ತಪ್ಪು ಯಾರದೆಂದು ಸಾಬೀತಾಗದಿದ್ದರೂ ರೈಲ್ವೆ ಪರಿಹಾರ ಕೊಡಬೇಕು. ಸಾವಿನ ಪರಿಹಾರದ ಮೊತ್ತ 2017ರಿಂದ 8 ಲಕ್ಷ ರೂಪಾಯಿ. ಶವದ ಬಳಿ ಟಿಕೆಟ್ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ರೀನಾ ದೇವಿ ಪ್ರಕರಣದಲ್ಲಿ ಹೇಳಿದೆ. ಬಡ ಕುಟುಂಬಗಳಿಗೆ ಇದು ನಿಜವಾದ ಆಸರೆ.

ಕಾಕೋಡ್ಕರ್ ಸಮಿತಿ ಎತ್ತಿ ತೋರಿಸಿದ ಇನ್ನೊಂದು ಸಂಖ್ಯೆ ಎದೆ ನಡುಗಿಸುವಂಥದ್ದು. ಹಳಿ ದಾಟುವಾಗ ವರ್ಷಕ್ಕೆ ಸುಮಾರು 15,000 ಮಂದಿ ಸಾಯುತ್ತಿದ್ದಾರೆ, ಅವರಲ್ಲಿ ಸುಮಾರು 6,000 ಮಂದಿ ಮುಂಬೈ ಉಪನಗರ ಮಾರ್ಗಗಳಲ್ಲೇ ಎಂದು ಅದು ಅಂದಾಜಿಸಿತು. ರೈಲು ಅಪಘಾತಗಳ ಅಧಿಕೃತ ಪಟ್ಟಿಗೆ ಈ ಸಾವುಗಳು ಸೇರುವುದಿಲ್ಲ. ಅವರು ಅತಿಕ್ರಮ ಪ್ರವೇಶಿಗಳು. 2017ರ ಸೆಪ್ಟೆಂಬರಿನಲ್ಲಿ ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ಮೇಲ್ಸೇತುವೆಯ ಮೇಲೆ 23 ಮಂದಿ, 2025ರ ಫೆಬ್ರವರಿಯಲ್ಲಿ ಹೊಸದಿಲ್ಲಿ ನಿಲ್ದಾಣದಲ್ಲಿ 18 ಮಂದಿ ಕಾಲ್ತುಳಿತಕ್ಕೆ ಬಲಿಯಾದಾಗ ಯಾವ ಗಾಡಿಯೂ ಹಳಿ ತಪ್ಪಿರಲಿಲ್ಲ.

ಈ ಮಾತುಗಳ ನಡುವೆ ರೈಲ್ವೆಗೆ ಸಲ್ಲಬೇಕಾದ ಶ್ರೇಯಸ್ಸನ್ನು ಕಡಿಮೆ ಮಾಡುವಂತಿಲ್ಲ. 2000-01ರಲ್ಲಿ 473 ಇದ್ದ ಗಂಭೀರ ಅಪಘಾತಗಳು 2014-15ಕ್ಕೆ 135ಕ್ಕೂ 2023-24ಕ್ಕೆ 40ಕ್ಕೂ ಇಳಿದವು. ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಲೆವೆಲ್ ಕ್ರಾಸಿಂಗುಗಳೆಲ್ಲ 2019ರ ಜನವರಿಗೆ ಇಲ್ಲವಾದವು. ಒಂದರ ಮೇಲೊಂದು ಏರದಂತೆ ರೂಪಿಸಿದ ಎಲ್‌ಎಚ್‌ಬಿ ಬೋಗಿಗಳು ಹಳೆಯ ಐಸಿಎಫ್ ಬೋಗಿಗಳ ಜಾಗಕ್ಕೆ ಬರುತ್ತಿವೆ. ಆದರೆ ಹಣದ ಕಥೆ ಇಷ್ಟು ಸಮಾಧಾನದ್ದಲ್ಲ. 2017-18ರಲ್ಲಿ ಐದು ವರ್ಷಕ್ಕೆ 1 ಲಕ್ಷ ಕೋಟಿ ರೂಪಾಯಿಯ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಸ್ಥಾಪನೆಯಾಯಿತು. ರೈಲ್ವೆ ತನ್ನ ಸ್ವಂತ ಆದಾಯದಿಂದ ಅದಕ್ಕೆ ಕೊಡಬೇಕಿದ್ದ ಪಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಕೊಡಲೇ ಇಲ್ಲವೆಂದು ಮಹಾಲೇಖಪಾಲರ 2022ರ ವರದಿ ಹೇಳಿತು. ನಾಲ್ಕು ವರ್ಷಗಳ 217 ಗಂಭೀರ ಅಪಘಾತಗಳಲ್ಲಿ 163 ಹಳಿ ತಪ್ಪಿ ಆದವು ಎಂದೂ ಅದು ಗುರುತಿಸಿತು. ಹಳಿ ತಪ್ಪುವುದಕ್ಕೆ ದೊಡ್ಡ ಕಾರಣಗಳಲ್ಲೊಂದು ಹಳಿಯ ನಿರ್ವಹಣೆಯ ಕೊರತೆ. ನಿರ್ವಹಣೆಗೆ ಮೀಸಲಾಗಬೇಕಿದ್ದ ನಿಧಿ ಸೊರಗಿದ್ದು ಸಣ್ಣ ಲೋಪವಲ್ಲ.

ಬಹನಾಗಾದ ನಂತರ ಎಲ್ಲರ ಬಾಯಲ್ಲೂ ಕವಚದ ಹೆಸರು. ಲೋಕೊ ಪೈಲಟ್ ಕೆಂಪು ಸಿಗ್ನಲ್ ದಾಟಿದರೆ ತಾನೇ ಬ್ರೇಕ್ ಹಾಕುವ ಈ ದೇಶೀಯ ವ್ಯವಸ್ಥೆ 2020ರಲ್ಲಿ ರಾಷ್ಟ್ರೀಯ ಮಾನ್ಯತೆ ಪಡೆಯಿತು. 2012ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ಸಿಗ್ನಲ್ ದಾಟಿ ಗೂಡ್ಸ್ ಗಾಡಿಗೆ ಡಿಕ್ಕಿ ಹೊಡೆದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕವಚ ತಡೆಯಲೆಂದೇ ಇರುವುದು ಇಂಥ ದುರಂತವನ್ನು. ಆದರೆ ಬಹನಾಗಾದಂತೆ ಸಿಗ್ನಲ್ಲೇ ಸುಳ್ಳು ಹೇಳಿದಾಗ ಕವಚವೂ ಆ ಸಿಗ್ನಲ್ಲನ್ನೇ ನಂಬುತ್ತದೆ. ಕವಚ ಬೇಗ ಎಲ್ಲೆಡೆ ಬರಲಿ. ಆದರೆ ಅದು ಬಂದ ಮೇಲೂ ವೈರಿಂಗಿನ ನಕ್ಷೆ ತಿದ್ದಿ, ಪರೀಕ್ಷಿಸಿ, ಸಹಿ ಹಾಕುವ ಮನುಷ್ಯನೇ ಕೊನೆಯ ಕಾವಲು.

ಬ್ರಿಟನ್ ಈ ಪಾಠವನ್ನು 1988ರ ಡಿಸೆಂಬರ್ 12ರಂದು ಕಲಿಯಿತು. ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಬಳಿ ಕಿತ್ತು ಕತ್ತರಿಸದೆ ಬಿಟ್ಟಿದ್ದ ಒಂದು ಹಳೆಯ ತಂತಿ ಸಿಗ್ನಲ್ಲಿಗೆ ತಪ್ಪಾಗಿ ವಿದ್ಯುತ್ ಹರಿಸಿತು. 35 ಮಂದಿ ಸತ್ತರು. ಆ ಕೆಲಸ ಮಾಡಿದ ತಂತ್ರಜ್ಞ ಹದಿಮೂರು ವಾರಗಳಲ್ಲಿ ಒಂದೇ ದಿನ ರಜೆ ಪಡೆದಿದ್ದ. ಆಂಟನಿ ಹಿಡನ್ ಅವರ ತನಿಖೆ ಆ ವ್ಯಕ್ತಿಯನ್ನು ದೂರಿ ಕೈತೊಳೆದುಕೊಳ್ಳಲಿಲ್ಲ. 1985ರಲ್ಲಿ ಆಕ್ಸ್‌ಟೆಡ್‌ನಲ್ಲಿ, 1988ರ ಜೂನಿನಲ್ಲಿ ಕ್ವೀನ್ಸ್‌ಟೌನ್ ರೋಡ್‌ನಲ್ಲಿ ಇಂಥ ದೋಷಗಳು ಮುಂಚೆಯೇ ಕಂಡಿದ್ದರೂ ಆ ಅನುಭವ ಕೆಲಸಗಾರರವರೆಗೆ ಇಳಿಯಲಿಲ್ಲ ಎಂಬುದನ್ನು ಅದು ಬಿಡಿಸಿಟ್ಟಿತು. ಹೊಸದುರ್ಗ ರೋಡ್ ಮತ್ತು ಬಾಂಕ್ರಾ ನಯಾಬಾಜ್‌ಗಳ ಜೊತೆ ಇದನ್ನಿಟ್ಟು ಓದಿದವರಿಗೆ ಹೋಲಿಕೆ ವಿವರಿಸಬೇಕಿಲ್ಲ. ಮುಂದೆ ಅಲ್ಲಿ ಸಿಗ್ನಲ್ ಸಿಬ್ಬಂದಿಯ ಕೆಲಸದ ಗಂಟೆಗಳಿಗೆ ಮಿತಿ ಬಂತು, ವೈರಿಂಗ್ ಪರೀಕ್ಷೆಗೆ ಕಟ್ಟುನಿಟ್ಟಾದ ನಿಯಮ ಬಂತು. ಹೆಸರು ಬಯಲಾಗದಂತೆ ಅಪಾಯ ವರದಿ ಮಾಡಲು ಅವಕಾಶ ಕೊಡುವ ಸಿರಾಸ್ ಎಂಬ ವ್ಯವಸ್ಥೆಯೂ ಬೆಳೆಯಿತು.

ನಮ್ಮಲ್ಲಿ ಮೊದಲು ಹುಡುಕುವುದು ತಪ್ಪಿತಸ್ಥನ ಹೆಸರನ್ನು. 2024ರ ಜೂನಿನಲ್ಲಿ ರಂಗಾಪಾನಿ ಬಳಿ ಗೂಡ್ಸ್ ಗಾಡಿಯೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಗುದ್ದಿದಾಗ ಮೃತ ಲೋಕೊ ಪೈಲಟ್ ಮೇಲೆಯೇ ಮೊದಲು ಬೆರಳು ತೋರಿಸಲಾಯಿತು. ಸಿಗ್ನಲ್ ಕೆಟ್ಟಾಗ ಗಾಡಿ ಹೇಗೆ ನಡೆಸಬೇಕೆಂಬ ತರಬೇತಿಯೇ ಸಿಬ್ಬಂದಿಗೆ ಸಾಲದಾಗಿತ್ತು ಎಂದು ಸುರಕ್ಷತಾ ಆಯುಕ್ತರ ವರದಿ ಆಮೇಲೆ ಹೇಳಿತು.

ಸುರಕ್ಷತಾ ಆಯೋಗವನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಬಿಡಿಸಿದ್ದು 1941ರಲ್ಲಿ. ಇಂದೂ ಅದು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದೆ. ಅದು ಶಿಫಾರಸು ಮಾಡಬಲ್ಲದು, ಕಟ್ಟಪ್ಪಣೆ ಮಾಡಲಾರದು. ಅಧಿಕಾರವುಳ್ಳ ಸ್ವತಂತ್ರ ರೈಲ್ವೆ ಸುರಕ್ಷತಾ ಪ್ರಾಧಿಕಾರ ಬೇಕೆಂದು ಕಾಕೋಡ್ಕರ್ ಸಮಿತಿ ಹೇಳಿ ದಶಕ ದಾಟಿದೆ; ಅಂಥ ಪ್ರಾಧಿಕಾರ ಇನ್ನೂ ಬಂದಿಲ್ಲ. ಅದು ಬರುವವರೆಗೆ ರೈಲ್ವೆ ಮಂಡಳಿ ತಾನೇ ಮಾಡಬಹುದಾದ ಕೆಲಸವೊಂದಿದೆ: ಕೂದಲೆಳೆಯಲ್ಲಿ ತಪ್ಪಿದ ಪ್ರತಿ ಅಪಘಾತದ ವರದಿಯನ್ನೂ, ಅದರ ಮೇಲೆ ಯಾವ ವಿಭಾಗ ಏನು ಕ್ರಮ ಕೈಗೊಂಡಿತೆಂಬುದನ್ನೂ ವರ್ಷವರ್ಷ ಸಾರ್ವಜನಿಕರ ಮುಂದಿಡಲಿ. ಸಂಶೋಧಕರೂ ತಮ್ಮ ಸಮೀಕ್ಷೆಯನ್ನು ಜನರಲ್ ಬೋಗಿಯವರೆಗೆ ಒಯ್ದು, ಪ್ರಯಾಣಿಕರ ಉತ್ತರಗಳ ಪಕ್ಕದಲ್ಲೇ ಆ ವರದಿಗಳನ್ನೂ ಇಟ್ಟು ಓದಲಿ.