ಕರೀ ತಟ್ಟೆ, ಬೆಳ್ಳಿ ತಟ್ಟೆ

ರೆಗೆ ಹಾಡನ್ನು ಕರೀ ವಿನೈಲ್ ತಟ್ಟೆಯಲ್ಲಿ ಕೇಳಬೇಕೋ, ಸೀಡಿಯಲ್ಲಿ ಕೇಳಬೇಕೋ ಎಂಬ ಜಗಳ ಸೀಡಿ ಬಂದಂದಿನಿಂದ ನಡೆದೇ ಇದೆ. ತಟ್ಟೆಯಲ್ಲಿ ದನಿ ಎದೆಗೆ ತಾಕುತ್ತೆ ಅಂತಾರೆ ಒಬ್ಬರು. ಸೀಡಿಯಲ್ಲಿ ಗರಗರ ಸದ್ದಿಲ್ಲ, ಮುಳ್ಳು ಸವೆಯೋದಿಲ್ಲ ಅಂತಾರೆ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಈ ಜಗಳ ಕಿವಿಗೆ ಬಿದ್ದಾಗಲೆಲ್ಲ ನಮಗೆ ಬೇರೆಯೇ ಪ್ರಶ್ನೆ ಏಳುತ್ತದೆ. ಆ ತಟ್ಟೆಯನ್ನು ಒತ್ತಿದವರು ಯಾರು? ಯಾರ ಕಿವಿಗಾಗಿ ಒತ್ತಿದರು? ಹಾಡಿದವನ ಕೈಗೆ ಏನು ಬಂತು? ಇದನ್ನು ಕೇಳದೆ ಬರೀ ದನಿಯ ಮಾತಾಡುವುದು, ಬೆಳೆದವನನ್ನು ಮರೆತು ಅಕ್ಕಿಯ ಬಿಳುಪನ್ನು ಹೊಗಳಿದ ಹಾಗೆ.

ರೆಗೆ ಹುಟ್ಟಿದ್ದು ಜಮೈಕಾದಲ್ಲಿ, ಕಿಂಗ್‌ಸ್ಟನ್ ಪಟ್ಟಣದ ಬಡಕೇರಿಗಳಲ್ಲಿ. ಸಕ್ಕರೆ ತೋಟದ ಒಡೆಯರು ಆಫ್ರಿಕದಿಂದ ತರಿಸಿಕೊಂಡು ದುಡಿಸಿದ ಗುಲಾಮರ ಮಕ್ಕಳ ಮಕ್ಕಳು ಅಲ್ಲಿದ್ದವರು. 1950ರ ದಶಕದಲ್ಲಿ ದೊಡ್ಡ ಹೋಟೆಲುಗಳಲ್ಲಿ ಬ್ಯಾಂಡು ಬಾರಿಸುತ್ತಿತ್ತು, ಪ್ರವಾಸಿಗರಿಗೆ, ಉಳ್ಳವರಿಗೆ. ಕೇರಿಯವರು ತಮ್ಮ ದಾರಿ ತಾವೇ ಮಾಡಿಕೊಂಡರು. ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳಲ್ಲಿ ಸ್ಪೀಕರು ಕೂರಿಸಿ, ಬಯಲಲ್ಲಿ ನಿಲ್ಲಿಸಿ, ಅಮೆರಿಕದ ಕಪ್ಪು ಜನರ ರಿದಂ ಅಂಡ್ ಬ್ಲೂಸ್ ತಟ್ಟೆ ಹಾಕಿ ರಾತ್ರಿಯೆಲ್ಲ ಕುಣಿದರು. ಇದಕ್ಕೆ ಸೌಂಡ್ ಸಿಸ್ಟಂ ಅಂತ ಹೆಸರು. ಡ್ಯೂಕ್ ರೀಡ್ ಎಂಬಾತ ಮೊದಲು ಪೊಲೀಸಿನವನು, ಆಮೇಲೆ ಹೆಂಡದಂಗಡಿಯವನು, ಒಂದು ಸಿಸ್ಟಂ ಇಟ್ಟಿದ್ದ. ಕ್ಲೆಮೆಂಟ್ ಡಾಡ್ ಅಲಿಯಾಸ್ ಕಾಕ್ಸ್‌ಸನ್, ಕೂಲಿಗೆ ಅಮೆರಿಕಕ್ಕೆ ಹೋಗಿ ತಟ್ಟೆ ಹೊತ್ತು ತಂದವನು, ಎದುರಾಳಿ ಸಿಸ್ಟಂ ಇಟ್ಟ. ಒಬ್ಬನ ಬಳಿ ಇರುವ ಹಾಡು ಇನ್ನೊಬ್ಬನಿಗೆ ಗೊತ್ತಾಗಬಾರದು ಅಂತ ತಟ್ಟೆಯ ನಡುವಿನ ಕಾಗದವನ್ನೇ ಕೆರೆದು ಹಾಕುತ್ತಿದ್ದರು. ವಿಲಿಸ್ ಜಾಕ್ಸನ್ ಎಂಬ ಅಮೆರಿಕದ ಸ್ಯಾಕ್ಸೋಫೋನ್ ವಾದಕನ ಒಂದು ತಟ್ಟೆ ಕಿಂಗ್‌ಸ್ಟನ್ನಿನಲ್ಲಿ ವರ್ಷಗಟ್ಟಲೆ 'ಕಾಕ್ಸ್‌ಸನ್ ಹಾಪ್' ಆಗಿ ಕುಣಿಯಿತು. ಬಾರಿಸಿದವನ ಹೆಸರು ಕೆರೆದು ಯಜಮಾನನ ಹೆಸರು ಕೂರಿಸುವ ಆಟ ಹಾಡು ಹುಟ್ಟುವ ಮೊದಲೇ ಶುರುವಾಗಿತ್ತು ನೋಡಿ.

ಅಮೆರಿಕ ರಾಕ್ ಅಂಡ್ ರೋಲ್ ಕಡೆಗೆ ವಾಲಿದ ಮೇಲೆ ಕೇರಿಗೆ ಬೇಕಾದ ಹಾಡು ಬರುವುದು ನಿಂತಿತು. ಆಗ ಇವರೇ ಹಾಡಿಸತೊಡಗಿದರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1962ರಲ್ಲಿ. ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಡಾಡ್‌ನ ಸ್ಟುಡಿಯೋ ಒನ್ ತೆರೆದದ್ದು 1963ರಲ್ಲಿ. ಸ್ಕಾ, ರಾಕ್‌ಸ್ಟೆಡಿ ಆದ ಮೇಲೆ 1968ರ ಸುಮಾರಿಗೆ ರೆಗೆ. ಇದೆಲ್ಲ ಜನಕ್ಕೆ ಮುಟ್ಟಿದ್ದು ಏಳಿಂಚಿನ ಸಣ್ಣ ತಟ್ಟೆಯಲ್ಲಿ. ನಿಮಿಷಕ್ಕೆ 45 ಸುತ್ತು, ನಡುವೆ ದೊಡ್ಡ ತೂತು, ಒಂದು ಮೈಗೆ ಮೂರು ನಿಮಿಷದ ಹಾಡು.

ಇನ್ನೊಂದು ಮೈಗೆ? ರೆಗೆಯ ಜೀವ ಇರುವುದೇ ಅಲ್ಲಿ. 1967-68ರ ಸುಮಾರಿಗೆ ಸ್ಪ್ಯಾನಿಷ್ ಟೌನಿನ ಸೌಂಡ್ ಸಿಸ್ಟಮ್ಮಿನ ರಡ್ಡಿ ರೆಡ್‌ವುಡ್ ಎಂಬಾತ ಡ್ಯೂಕ್ ರೀಡನ ಸ್ಟುಡಿಯೋದಲ್ಲಿ ಪ್ಯಾರಗನ್ಸ್ ತಂಡದ 'ಆನ್ ದ ಬೀಚ್' ಹಾಡಿನ ಪ್ರತಿ ಕೊರೆಸಿಕೊಳ್ಳುತ್ತಿದ್ದ. ಬೈರನ್ ಸ್ಮಿತ್ ಎಂಬ ಇಂಜಿನಿಯರು ಕೈತಪ್ಪಿ ಹಾಡುವ ದನಿಯನ್ನೇ ಬಿಟ್ಟು ಬರೀ ವಾದ್ಯ ಕೊರೆದ. ರಡ್ಡಿ ಅದನ್ನೂ ಹೊತ್ತೊಯ್ದು ರಾತ್ರಿ ಹಾಕಿದರೆ, ನೆರೆದ ಜನ ತಾವೇ ಪದ ಹಾಡತೊಡಗಿದರು! ಅಲ್ಲಿಂದ ಪ್ರತಿ ತಟ್ಟೆಯ ಹಿಂಬದಿಗೆ ಪದವಿಲ್ಲದ 'ವರ್ಶನ್' ಬಂತು. ಆ ಖಾಲಿ ಜಾಗಕ್ಕೆ ಕೇರಿಯ ಮಾತುಗಾರ ನುಗ್ಗಿದ. ಯು-ರಾಯ್ ಮೈಕು ಹಿಡಿದು ಆ ವಾದ್ಯದ ಮೇಲೆ ಮಾತು ಹೊಸೆದ. 1970ರಲ್ಲಿ ಅವನ ಮೂರು ತಟ್ಟೆಗಳು ಒಟ್ಟಿಗೇ ಜಮೈಕಾದ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನ ಹಿಡಿದವು. ವಾಟರ್‌ಹೌಸ್ ಕೇರಿಯಲ್ಲಿ ರೇಡಿಯೋ, ಟ್ರಾನ್ಸ್‌ಫಾರ್ಮರು ರಿಪೇರಿ ಮಾಡುತ್ತಿದ್ದ ಆಸ್‌ಬರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, ಅದೇ ವರ್ಶನ್ನನ್ನು ಬಿಚ್ಚಿ, ಡ್ರಮ್ಮು ಬಿಟ್ಟು ಬೇಸ್ ಎತ್ತಿ, ಪದದ ಒಂದು ಚೂರನ್ನು ಮಾರ್ದನಿಯಲ್ಲಿ ತೇಲಿಬಿಟ್ಟು ಡಬ್ ಎಂಬ ಹೊಸದೊಂದನ್ನೇ ಮಾಡಿದ. 1989ರಲ್ಲಿ ಅವನನ್ನು ಮನೆಯ ಹೊರಗೆ ಗುಂಡಿಟ್ಟು ಕೊಂದರು.

ಹೀಗಾಗಿ ರೆಗೆ ತಟ್ಟೆ ಎಂದರೆ ಎರಡು ಮೈಯ ಪದಾರ್ಥ. ಒಂದು ಮೈ ಹಾಡಿದವನದು, ಇನ್ನೊಂದು ಮೈ ಕೇಳುವವನದು. ಸೀಡಿಗೆ ಒಂದೇ ಮೈ. ಬರೀ ಹಾಡುಗಳನ್ನು ಪೋಣಿಸಿ ವರ್ಶನ್ನುಗಳನ್ನು ಬಿಟ್ಟ ಸೀಡಿಗಳು ಎಷ್ಟೋ ಬಂದವು. ಅವನ್ನು ಕೇಳಿದವರು ಅರ್ಧ ಊಟ ಮಾಡಿ ಎದ್ದವರು. ತಿಳಿದವರು ಮಾಡಿದ ಸೀಡಿಯಲ್ಲಿ ಹಾಡಿನ ಬೆನ್ನಿಗೇ ಅದರ ಡಬ್ ಬರುತ್ತದೆ.

ಇನ್ನು ದನಿಯ ಮಾತು. ವಿನೈಲಿನಲ್ಲಿ ದನಿ ಎಂದರೆ ಗೀರು. ಬೇಸ್ ಜೋರಾದಷ್ಟೂ ಗೀರು ಅಗಲ ತೂಗಾಡುತ್ತದೆ, ಜಾಗ ತಿನ್ನುತ್ತದೆ. ಎಲ್‌ಪಿಯ ಒಂದು ಮೈಗೆ ಇಪ್ಪತ್ತು ನಿಮಿಷಕ್ಕಿಂತ ಬಹಳ ಹೆಚ್ಚು ತುಂಬಿದರೆ ದನಿಯನ್ನೇ ತಗ್ಗಿಸಬೇಕು. ಅದಕ್ಕೇ 1970ರ ದಶಕದ ಕೊನೆಗೆ ಹನ್ನೆರಡಿಂಚಿನ ಸಿಂಗಲ್ ಬಂತು. ದೊಡ್ಡ ತಟ್ಟೆ, ಒಂದೇ ಹಾಡು, ಅದರ ಬಾಲಕ್ಕೆ ಡಬ್. ಬಯಲಲ್ಲಿ ಎದೆ ನಡುಗಿಸುವುದಕ್ಕೆ ಅದಕ್ಕಿಂತ ಒಳ್ಳೆಯ ತಟ್ಟೆ ಇಲ್ಲ. ಸೀಡಿ 1982ರಲ್ಲಿ ಮಾರುಕಟ್ಟೆಗೆ ಬಂತು. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಅಂಕಿ ಮಾಡಿಡುವ ಈ ಬೆಳ್ಳಿ ತಟ್ಟೆಗೆ ಗೀರಿನ ಕಷ್ಟವಿಲ್ಲ. 74 ನಿಮಿಷ ಬೇಸ್ ಎಷ್ಟು ಬೇಕಾದರೂ ತುಂಬಬಹುದು. ಲೆಕ್ಕದಲ್ಲಿ ಸೀಡಿಯದೇ ಮೇಲುಗೈ.

ಲೆಕ್ಕ ಬೇರೆ, ಬಾಳು ಬೇರೆ. ಮೂಲ ಟೇಪು ಕಳೆದುಹೋಗಿ, ಹಳೇ ತಟ್ಟೆಯನ್ನೇ ಮುಳ್ಳಿನಿಂದ ಓದಿಸಿ ಮಾಡಿದ ಸೀಡಿಗಳಿವೆ. 1990ರ ದಶಕದಿಂದೀಚೆಗೆ ಅಂಗಡಿಯಲ್ಲಿ ಜೋರಾಗಿ ಕೇಳಲಿ ಅಂತ ದನಿಯನ್ನು ಹಿಂಡಿ ಹಿಪ್ಪೆ ಮಾಡಿದ ಸೀಡಿಗಳೂ ಇವೆ. ಹಾಗಂತ ವಿನೈಲಿನವರು ಮೀಸೆ ತಿರುವಬೇಕಿಲ್ಲ. ಜಮೈಕಾದಲ್ಲಿ ಒತ್ತಿದ ತಟ್ಟೆಗಳ ಗತಿ ಕೇಳಿದವರಿಗೆ ಗೊತ್ತು. ಕೀಳು ವಿನೈಲು, ನಡುವಿನಿಂದ ಸರಿದ ತೂತು, ಹೊಸದಾಗಿ ತಂದ ದಿನವೇ ಚಟಪಟ. ಡಬ್ ಪ್ಲೇಟು ಎಂಬ ಅಸಿಟೇಟ್ ತಟ್ಟೆಯಂತೂ ಕೆಲವು ಹತ್ತು ಸಲ ಹಾಕುವಷ್ಟರಲ್ಲಿ ಸವೆದು ಹೋಗುತ್ತಿತ್ತು. ಅದು ಒಂದು ರಾತ್ರಿಯ ಪಂದ್ಯ ಗೆಲ್ಲುವುದಕ್ಕೆ ಕೊರೆಸಿದ್ದೇ ಹೊರತು ಗಾಜಿನ ಬೀರುವಿನಲ್ಲಿ ಪೂಜೆಗಿಡುವುದಕ್ಕಲ್ಲ.

ಅಂಕಿಯ ಸಂಗೀತ ಬೇಡ ಎನ್ನುವ ಶುದ್ಧಾಚಾರಿಗಳಿಗೆ ಇನ್ನೊಂದು ಮಾತು. 1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ 'ಅಂಡರ್ ಮಿ ಸ್ಲೆಂಗ್ ಟೆಂಗ್' ಇಡೀ ಜಮೈಕಾವನ್ನು ತಿರುಗಿಸಿತು. ಅದರ ತಾಳ ಕ್ಯಾಸಿಯೋ ಎಂಟಿ-40 ಎಂಬ ಅಗ್ಗದ ಕೀಬೋರ್ಡಿನ ಒಂದು ಗುಂಡಿಯೊಳಗಿತ್ತು. ಅದನ್ನು ಒಳಗಿಟ್ಟವಳು ಜಪಾನಿನ ಒಕುದಾ ಹಿರೋಕೊ. ಹಾಡು ಅಂಕಿಯದು, ತಟ್ಟೆ ಕರೀ ವಿನೈಲು. ಕೇರಿ ಇದಕ್ಕೆಲ್ಲ ಮೈಲಿಗೆ ಅನ್ನಲಿಲ್ಲ, ಕುಣಿಯಿತು ಅಷ್ಟೆ.

ಸೀಡಿಯ ಪರವಾಗಿ ನಾವು ಸಾಕ್ಷಿ ಹೇಳುವುದಾದರೆ ಒಂದು ತಟ್ಟೆ ಸಾಕು. ಬಾಬ್ ಮಾರ್ಲಿ, ಪೀಟರ್ ಟಾಷ್, ಬನ್ನಿ ವೇಲರ್ ಇದ್ದ ವೇಲರ್ಸ್ ತಂಡ 1972ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಹಾಡಿ ಮುಗಿಸಿದ ಟೇಪು ಲಂಡನ್ನಿನ ಐಲೆಂಡ್ ಕಂಪನಿಗೆ ಹೋಯಿತು. ಬಿಳಿಯ ರಾಕ್ ಕೇಳುಗರಿಗೆ ಹಿಡಿಸಲಿ ಅಂತ ಯಜಮಾನ ಕ್ರಿಸ್ ಬ್ಲ್ಯಾಕ್‌ವೆಲ್, ವೇಯ್ನ್ ಪರ್ಕಿನ್ಸ್ ಎಂಬ ಅಮೆರಿಕದವನಿಂದ ಗಿಟಾರು, ಜಾನ್ ಬಂಡ್ರಿಕ್ ಎಂಬುವನಿಂದ ಕೀಬೋರ್ಡು ಹೊದಿಸಿದ. ಎರಡು ಹಾಡು ಕೈಬಿಟ್ಟ. 1973ರಲ್ಲಿ ಸಿಗರೇಟು ಲೈಟರಿನಂತೆ ತೆರೆಯುವ ಹೊದಿಕೆಯಲ್ಲಿ 'ಕ್ಯಾಚ್ ಎ ಫೈರ್' ಹೊರಬಂತು. ಆ ಮೊದಲ ಹೊದಿಕೆಗೆ ಸಂಗ್ರಹಕಾರರು ಈಗಲೂ ಜೀವ ಬಿಡುತ್ತಾರೆ. ಒಳಗಿರುವುದು ಕೇರಿಯವರು ಒಪ್ಪಿಸಿದ ಹಾಗೆ ಇರುವ ಹಾಡಲ್ಲ. ಮೊದಲು ಅವರು ಹಾಡಿದ್ದು ಹೇಗೆ ಅನ್ನುವುದು ಲೋಕಕ್ಕೆ ಗೊತ್ತಾದದ್ದು 2001ರಲ್ಲಿ, ಎರಡು ಸೀಡಿಯ ಕಟ್ಟಿನಲ್ಲಿ, ಬಿಟ್ಟ ಎರಡು ಹಾಡಿನ ಸಮೇತ. ಇಪ್ಪತ್ತೆಂಟು ವರ್ಷ ಆ ದನಿ ಕಪಾಟಿನಲ್ಲಿತ್ತು. ಆ ಹೊದಿಕೆಯಿಂದಲೇ ಮಾರ್ಲಿ ಲೋಕಕ್ಕೆ ತಲುಪಿದ ಎನ್ನುವ ವಾದವಿದೆ, ಅದರಲ್ಲಿ ಸತ್ಯವೂ ಇದೆ. ಆದರೂ ಹೊದಿಕೆ ತೆಗೆದಾಗ ಕೇಳಿಸುವ ಬೇಸು ಬೇರೆ ರೀ. 1975ರಲ್ಲಿ ಬರ್ನಿಂಗ್ ಸ್ಪಿಯರ್ ಹಾಡಿದ 'ಮಾರ್ಕಸ್ ಗಾರ್ವಿ'ಯನ್ನೂ ಅದೇ ಕಂಪನಿ ಹೊರದೇಶದ ಕಿವಿಗಾಗಿ ಮೆದುಮಾಡಿ ಬಿಟ್ಟಿತು. ಸ್ಪಿಯರ್ ತನ್ನದೇ ಲೇಬಲ್ಲು ಕಟ್ಟಿಕೊಂಡ.

ಲೀ ಪೆರಿ ತನ್ನ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ಮಾಡಿದ, ಕಾಂಗೋಸ್ ಹಾಡಿದ 'ಹಾರ್ಟ್ ಆಫ್ ದ ಕಾಂಗೋಸ್' 1977ರಲ್ಲಿ ಸ್ವಲ್ಪವೇ ಪ್ರತಿ ಒತ್ತಿಸಿಕೊಂಡು ಕಣ್ಮರೆಯಾಯಿತು. ಹೆಸರು ಕೇಳಿದವರು ಬಹಳ, ಹಾಡು ಕೇಳಿದವರು ಕಡಿಮೆ. 1996ರಲ್ಲಿ ಮ್ಯಾಂಚೆಸ್ಟರಿನ ಬ್ಲಡ್ ಅಂಡ್ ಫೈರ್ ಎಂಬ ಪುಟ್ಟ ಕಂಪನಿ ಅದನ್ನು ಎರಡು ಸೀಡಿಯಲ್ಲಿ ತಂದಿತು. ಇವರ ಸೀಡಿಗಳ ಜೊತೆಗಿದ್ದ ಪುಸ್ತಿಕೆ ನಮಗೆ ಹಾಡಿನಷ್ಟೇ ದೊಡ್ಡದು. ಯಾವ ಸ್ಟುಡಿಯೋ, ಡ್ರಮ್ಮು ಯಾರು, ಬೇಸು ಯಾರು, ಕಹಳೆ ಯಾರು ಎಲ್ಲ ಅಚ್ಚಾಗಿತ್ತು. ಕಿಂಗ್‌ಸ್ಟನ್ನಿನ ಏಳಿಂಚಿನ ತಟ್ಟೆಯಲ್ಲಿ ಹಾಡುಗಾರ, ನಿರ್ಮಾಪಕ ಬಿಟ್ಟರೆ ಬಾರಿಸಿದವರ ಹೆಸರು ಸಿಗುವುದೇ ಅಪರೂಪ. ಕೆಲವಕ್ಕೆ ಕಾಗದವೇ ಇಲ್ಲ. ಲಂಡನ್ನಿನ ಅಂಗಡಿಗಳಲ್ಲಿ ಖಾಲಿ ಕಾಗದದ ತಟ್ಟೆಗೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದರು, ಹೆಸರಿಲ್ಲದ್ದೇ ಹೆಚ್ಚುಗಾರಿಕೆ!

ದುಡ್ಡಿನ ಕತೆ ಹೇಳಿದರೆ ಹೊಟ್ಟೆ ಉರಿಯುತ್ತದೆ. ಹಾಡುಗಾರನಿಗೂ ಬಾರಿಸಿದವನಿಗೂ ಅವತ್ತಿನ ಕೂಲಿ ಕೊಟ್ಟು ಕಳಿಸುವುದೇ ವಾಡಿಕೆ. ತಾಳ ನಿರ್ಮಾಪಕನ ಸೊತ್ತು. ಅದೇ ತಾಳದ ಮೇಲೆ ಇನ್ನೂ ಹತ್ತು ಜನರಿಂದ ಹಾಡಿಸಬಹುದು, ಬಾರಿಸಿದವರಿಗೆ ಮತ್ತೆ ಏನೂ ಇಲ್ಲ. ಜಮೈಕಾದಲ್ಲಿ 1993ರವರೆಗೂ ನಡೆಯುತ್ತಿದ್ದುದು ಬ್ರಿಟಿಷರ 1911ರ ಕಾಪಿರೈಟ್ ಕಾಯಿದೆ. ಸ್ವಂತ ಕಾಯಿದೆ ಜಾರಿಯಾದದ್ದು 1993ರಲ್ಲಿ, ಅಂದರೆ ಹಳೇ ಹಾಡುಗಳು ಸೀಡಿಗೆ ಏರುತ್ತಿದ್ದ ಹೊತ್ತಿನಲ್ಲಿ. ಆಗ ಹಳಬರು ಕಾಗದ ಹುಡುಕಿಕೊಂಡು ಹೊರಟರು, ಎಷ್ಟೋ ಜನರ ಬಳಿ ಕಾಗದವೇ ಇರಲಿಲ್ಲ. ಇವತ್ತು ಅಪರೂಪದ ಒಂದು ಏಳಿಂಚಿಗೆ ನೂರಾರು ಪೌಂಡು ಕೊಡುವವರಿದ್ದಾರೆ. ಆ ಹಣ ಮಾರುವವನ ಜೇಬಿನಿಂದಾಚೆ ಒಂದು ಹೆಜ್ಜೆ ಹೋಗುವುದಿಲ್ಲ. ಒಪ್ಪಂದ ಮಾಡಿಕೊಂಡು ತಂದ ಮರುಮುದ್ರಣ, ಅದು ಸೀಡಿಯಾಗಲಿ ಹೊಸ ವಿನೈಲಾಗಲಿ, ಹಾಡಿದವನ ಮನೆಗೆ ನಾಲ್ಕು ಕಾಸು ಮುಟ್ಟಿಸುವ ಸಾಧ್ಯತೆಯಾದರೂ ಇದೆ.

ಆದ್ದರಿಂದ ನಾವು ಕೊಳ್ಳುವಾಗ ಮೊದಲು ತಿರುಗಿಸಿ ನೋಡುವುದು ಹಿಂಬದಿ. ಬಾರಿಸಿದವರ ಹೆಸರಿದೆಯೇ, ಯಾರ ಅನುಮತಿಯಿಂದ ತಂದದ್ದು ಅಂತ ಬರೆದಿದೆಯೇ, ಡಬ್ ಸೇರಿದೆಯೇ. ಬಯಲಿಗೆ, ಹತ್ತು ಜನಕ್ಕೆ ಕೇಳಿಸಲು ಹನ್ನೆರಡಿಂಚಿನ ತಟ್ಟೆ. ಕೂತು ಕಲಿಯಲು ಪುಸ್ತಿಕೆಯುಳ್ಳ ಸೀಡಿ. ಹಳೇ ಜಮೈಕಾದ ತಟ್ಟೆ ಸಿಕ್ಕರೆ ಗರಗರ ಸಮೇತ ಕೇಳುತ್ತೇವೆ, ಬೇಡ ಅನ್ನುವುದಿಲ್ಲ.

2004ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಗೆ ಸ್ಟುಡಿಯೋ ಒನ್ ಬುಲೆವಾರ್ಡ್ ಅಂತ ಹೆಸರಿಟ್ಟರು. ಡಾಡ್ ಆ ಸಮಾರಂಭ ನೋಡಿದ, ಕೆಲವೇ ದಿನಕ್ಕೆ ತೀರಿಕೊಂಡ. ಅಲ್ಲಿ ದಿನಗೂಲಿಗೆ ಬೇಸು ಬಾರಿಸಿದವರಲ್ಲಿ ಯಾರು ಯಾವ ತಾಳದಲ್ಲಿದ್ದರು ಅನ್ನುವ ವಾದ ಸೀಡಿಗಳ ಪುಸ್ತಿಕೆಗಳಲ್ಲಿ ಇನ್ನೂ ನಡೆದಿದೆ.